ಸತ್ತ ಲೈನಿನ ಮೇಲೆ ಅತ್ತೆಯ ಸೈಕಲ್

ಆ ವ್ಯಾಗನ್ ಸದ್ದು ಮಾಡದೆ ಬಂತು ಎಂದರೆ ಕೇಳಿದವರು ನನ್ನ ಮುಖ ನೋಡುತ್ತಾರೆ. ಅಷ್ಟೊಂದು ಕಬ್ಬಿಣ ಸದ್ದಿಲ್ಲದೆ ಹೇಗೆ ಬರುತ್ತದೆ? ಪೂರ್ತಿ ಸದ್ದಿಲ್ಲದೆ ಬಂತು ಎಂದು ನಾನೂ ಹೇಳಲಾರೆ. ನಮ್ಮ ಕಿವಿ ಕಾಯುತ್ತಿದ್ದ ಸದ್ದು ಇರಲಿಲ್ಲ, ಅಷ್ಟೆ. ಹಾರ್ನ್ ಇರಲಿಲ್ಲ, ಎಂಜಿನ್ ಇರಲಿಲ್ಲ. ಒಣಗಿದ ಎಲೆಗಳ ಮೇಲೆ ಯಾರೋ ದೊಡ್ಡ ಪೆಟ್ಟಿಗೆ ಎಳೆದುಕೊಂಡು ಬರುತ್ತಿರುವ ಹಾಗೆ ಒಂದು ಕರಕರ ಇತ್ತು. ಅದರ ಮುಂದೆ, ಸೈಕಲ್ ಮೇಲೆ, ನನ್ನ ಅತ್ತೆ ನನ್ನನ್ನೇ ನೋಡಿ ನಗುತ್ತಾ ಬರುತ್ತಿದ್ದರು.

ಈ ಚಿತ್ರ ನನಗೆ ಹೇಳದೆ ಕೇಳದೆ ಬರುತ್ತದೆ. ಸೊಪ್ಪು ಸೋಸುವಾಗ, ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಾಗ, ಮಕ್ಕಳಿಗೆ ಲೆಕ್ಕ ಕೊಟ್ಟು ಅವರು ಬರೆಯುವುದನ್ನು ಕಾಯುವಾಗ. ಮೊದಮೊದಲು ಬಂದಾಗ ತಿರುಗಿ ಬೆನ್ನ ಹಿಂದೆ ನೋಡುತ್ತಿದ್ದೆ. ಈಗ ನೋಡುವುದರ ಜೊತೆಗೆ ಒಂದೊಂದು ಪ್ರಶ್ನೆಯೂ ಬರುತ್ತದೆ. ಅದು ಯಾವ ಗಳಿಗೆಯಲ್ಲಿ ಹೊರಟಿತು? ಹೊರಡುವ ಮುಂಚೆ ಅದನ್ನು ಅಷ್ಟು ವರ್ಷ ಹಿಡಿದು ನಿಲ್ಲಿಸಿದ್ದು ಏನು?

ನಾವಿದ್ದದ್ದು ಕಲ್ಯಾಣದ ಪೂರ್ವಕ್ಕೆ, ಊರು ಮುಗಿದು ಹುಲ್ಲುಗಾವಲು ಶುರುವಾಗುವ ಕಡೆ. ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಮದುವೆಯಾಗಿ ಮೈಸೂರಿನಿಂದ ಬಂದಿದ್ದ ನಾನು ಓದಿದ ಬಿ.ಎಸ್ಸಿ.ಯನ್ನು ಮನೆಯಲ್ಲೇ ಒಂಬತ್ತು, ಹತ್ತನೇ ಕ್ಲಾಸಿನ ಟ್ಯೂಷನ್ನಿಗೆ ಹಚ್ಚಿದ್ದೆ. ಅತ್ತೆ, ಮಾವ ಬಾಗಲಕೋಟೆ ಕಡೆಯವರು. ಮಾವನವರಿಗೆ ಡೊಂಬಿವಲಿಯಲ್ಲಿ ಸೀರೆ ಅಂಗಡಿ. ಗಂಡನ ಆಫೀಸು ಐರೋಲಿಯಲ್ಲಿ. ಮನೆಯೊಳಗೆ ನನ್ನ ಕನ್ನಡ ಒಂದು, ಅವರ ಕನ್ನಡ ಇನ್ನೊಂದು. ಲಿಫ್ಟಿನಲ್ಲಿ ಮರಾಠಿ, ತರಕಾರಿಯವನ ಹತ್ತಿರ ಹಿಂದಿ.

ನಮ್ಮ ಬಿಲ್ಡಿಂಗಿನ ಹಿಂದೆ ಒಂದು ರೈಲ್ವೆ ಸೈಡಿಂಗ್ ಇತ್ತು. ಬದಲಾಪುರದ ಕಡೆ ಹೋಗುವ ಲೈನಿನಿಂದ ಕವಲೊಡೆದು, ಹೊಲ ಗದ್ದೆ ದಾಟಿ, ಗುಡ್ಡದ ಬುಡದ ಒಂದು ಕಾರ್ಖಾನೆಗೆ ಸಾಮಾನು ಸಾಗಿಸಲು ಹಾಕಿದ ಒಂಟಿ ಲೈನು. ಕಾರ್ಖಾನೆ ನಾವು ಬರುವ ಎಷ್ಟೋ ಮುಂಚೆ ಮುಚ್ಚಿತ್ತು. ಹಳಿಗಳ ತಲೆ ತುಕ್ಕು ಹಿಡಿದು ಕೆಂಪಗಾಗಿತ್ತು, ಮೇಲೆ ಬಳ್ಳಿ ಹಬ್ಬಿತ್ತು. ಜನ ಕಸ ಎಸೆಯುತ್ತಿದ್ದರು, ಎಮ್ಮೆಗಳು ಮಲಗುತ್ತಿದ್ದವು.

ಅದನ್ನು ನಡೆಯುವ ದಾರಿ ಮಾಡಿದ್ದು ನಮ್ಮ ಮಹಡಿಯಲ್ಲೇ ಇದ್ದ ಮರಾಠಿ ಕಾಕಾ. ಬ್ಯಾಂಕಿನಿಂದ ನಿವೃತ್ತರಾದವರು, ಸಕ್ಕರೆ ಕಾಯಿಲೆ. ಡಾಕ್ಟರು ದಿನಾ ನಡೆಯಿರಿ ಎಂದಿದ್ದರು, ಆದರೆ ಕಲ್ಯಾಣದಲ್ಲಿ ನಡೆಯುವುದೆಲ್ಲಿ? ಫುಟ್‌ಪಾತಿನ ಮೇಲೆ ಅಂಗಡಿ, ರಸ್ತೆ ತುಂಬ ರಿಕ್ಷಾ. ಕಾಕಾ ನಾಲ್ಕು ಜನರನ್ನು ಸೇರಿಸಿ ಬಳ್ಳಿ ಕಡಿಸಿದರು. ಪಕ್ಕದಲ್ಲಿ ಏಳುತ್ತಿದ್ದ ಬಿಲ್ಡಿಂಗಿನವರ ಹತ್ತಿರ ಮಾತಾಡಿ ಉಳಿದ ಮುರುಮ್ ಎನ್ನುವ ಗರಸು ಮಣ್ಣು, ಕಲ್ಲುಪುಡಿ ತರಿಸಿದರು. ಎರಡು ಹಳಿಗಳ ನಡುವೆ ಅದನ್ನು ತುಂಬಿ, ನೀರು ಹೊಯ್ದು, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿದರು. ಸ್ವಲ್ಪ ದೂರದಲ್ಲಿ ನಾಲೆಯ ಮೇಲೆ ಒಂದು ಚಿಕ್ಕ ಕಬ್ಬಿಣದ ಸೇತುವೆ. ಅದರ ಮೇಲೆ ಸೆಂಟ್ರಿಂಗಿನ ಹಲಗೆ ಹಾಸಿದರು. ಸೇತುವೆಯ ಆಚೆ ಮುರುಮ್ ಸಾಲಲಿಲ್ಲ. ಅಲ್ಲಿ ಹಳಿಗಳ ನಡುವೆ ದನಗಳು ತುಳಿದು ಮಾಡಿದ ಕಾಲುದಾರಿ ಇತ್ತು, ಅದನ್ನು ಹಾಗೇ ಬಿಟ್ಟರು.

ಯಾರ ಅನುಮತಿಯೂ ಇರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಆದರೆ ವರ್ಷ ತುಂಬುವುದರೊಳಗೆ ಆ ಕಡೆಯ ಬಿಲ್ಡಿಂಗುಗಳವರೆಲ್ಲ ಅದನ್ನು ‘ಟ್ರ್ಯಾಕ್’ ಎನ್ನತೊಡಗಿದ್ದರು. ಬೆಳಿಗ್ಗೆ ಹಾಲು ತರುವ ಹೊತ್ತಿಗೆ ಓಡುವವರು, ಸೈಕಲ್ಲಿನವರು, ಕೈ ಎತ್ತಿ ನಗುವ ಗುಂಪಿನವರು, ಎಲ್ಲರೂ ಅಲ್ಲಿ.

ಒಂದು ಪದ್ಧತಿ ಇತ್ತು. ದಿನಕ್ಕೊಬ್ಬರಂತೆ ಸೇತುವೆಯ ಈಚೆ ಒಂದು ಸಿಮೆಂಟ್ ದಿಂಡಿನ ಮೇಲೆ ಕುಳಿತು ಕಲ್ಯಾಣದ ಕಡೆ ಮುಖ ಮಾಡಿ ಕಾಯಬೇಕು. ಕೊರಳಲ್ಲಿ ಸೀಟಿ. ನಾನು ಮೊದಲ ಸಲ ನೋಡಿದಾಗ ಕಾಕಾರನ್ನು ಕೇಳಿದೆ, ಸತ್ತ ಲೈನಿಗೆ ಕಾವಲು ಯಾಕೆ ಎಂದು.

“ಹೀ ಲೈನ್ ಮೇಲೀ ಆಹೇ, ಸೂನ್‌ಬಾಯಿ,” ಎಂದರು ಕಾಕಾ. ಲೈನು ಸತ್ತಿದೆಯಮ್ಮ, ನಿಜ. “ಪಣ್ ರೈಲ್ವೆ ಮೇಲೀ ನಾಹೀ.” ರೈಲ್ವೆ ಸತ್ತಿಲ್ಲ. ಯಾವತ್ತಾದರೂ ಒಂದು ಎಂಜಿನ್ ಕಳಿಸಿ ನೋಡಬಹುದು. ಕಳಿಸಿದರೆ ಎಲ್ಲಿಂದ ಬರಬೇಕು? ಕಲ್ಯಾಣದಿಂದಲೇ. ಕಾರ್ಖಾನೆಯ ಕಡೆ ಗೋಡೆ.

ನನಗೆ ಆ ಮಾತು ಬಹಳ ಸರಿ ಎನಿಸಿತು. ನಮಗೆಲ್ಲರಿಗೂ ಎನಿಸಿತ್ತು. ಇಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ನಿಂತ ಸಾವಿರ ಜನರ ಕತ್ತು ಒಂದೇ ಕಡೆ ತಿರುಗಿರುತ್ತದೆ. ಒಂದು ಹಳಿಯ ಮೇಲೆ ಲೋಕಲ್ ಬರುವುದು ಒಂದೇ ದಿಕ್ಕಿನಿಂದ. ಇನ್ನೊಂದು ದಿಕ್ಕಿಗೆ ಬೇರೆ ಹಳಿ ಇದೆ. ಹಳಿ ದಾಟಿ ಹೋಗುವ ಕೆಟ್ಟ ಚಾಳಿಯವರೂ ಒಂದೇ ಕಡೆ ನೋಡಿ ದಾಟುತ್ತಾರೆ. ವರ್ಷಗಟ್ಟಲೆ ಹೀಗೆ ನಿಂತ ಮೇಲೆ, ಬರುವುದೇನಿದ್ದರೂ ಒಂದು ಕಡೆಯಿಂದ, ಹಾರ್ನ್ ಹೊಡೆದುಕೊಂಡು ಬರುತ್ತದೆ ಎನ್ನುವುದು ಕತ್ತಿಗೇ ಅಭ್ಯಾಸವಾಗಿಬಿಡುತ್ತದೆ. ಬೇರೆ ಊರಿನವರಾಗಿದ್ದರೆ ಎರಡೂ ಕಡೆ ನೋಡುತ್ತಿದ್ದರೇನೋ.

ಅತ್ತೆಗೆ ಆ ಲೈನಿನ ಹುಚ್ಚು ಹಿಡಿದದ್ದು ಮೊದಲ ದಿನವೇ. ಅವರಿಗೆ ಮಂಡಿನೋವು. ಸೇತುವೆಯವರೆಗೆ ನಡೆದು ಬರುವುದೇ ಹೆಚ್ಚು. ಬಂದು, ಸೇತುವೆಗೆ ಮುಂಚಿನ ಮೋರಿಕಟ್ಟೆಯ ಮೇಲೆ ಕೂತು, ಮಂಡಿ ನೀವಿಕೊಳ್ಳುತ್ತಾ, ಎದುರಿಗೆ ತಿರುವಿನಲ್ಲಿ ಮಾಯವಾಗುವ ಹಳಿಗಳನ್ನು ನೋಡುತ್ತಿದ್ದರು.

“ಈ ಕಂಬಿ ಎಲ್ಲಿಗೆ ಹೋಗಿ ಮುಗೀತಾವವಾ?”

“ಕಾರ್ಖಾನೆಗೆ ಅಂತಾರೆ, ಅತ್ತೆ.”

“ಕಾರ್ಖಾನಿಗಿ ಅಂತ ನನಗೂ ಗೊತ್ತೈತಿ. ಮುಗಿಯೂದು ಹೆಂಗ ಮುಗೀತಾವ? ಕಡದು ಬಿಟ್ಟಿರತಾರೋ, ಮಣ್ಣಾಗ ಹೋಗತಾವೋ?”

ನಾನು ಯೋಚಿಸಿರಲಿಲ್ಲ. ಹಳಿಯ ಕೊನೆಯನ್ನು ನಾನು ನೋಡಿಯೇ ಇರಲಿಲ್ಲ. ಯಾರು ನೋಡಿರುತ್ತಾರೆ? ಅತ್ತೆ ಸಿಕ್ಕಸಿಕ್ಕವರನ್ನು ಕೇಳತೊಡಗಿದರು. ಹೂವಿನವಳು ಅಲ್ಲೊಂದು ಕೆರೆ ಇದೆ ಎಂದಳು. ನಗುವ ಗುಂಪಿನ ಒಬ್ಬರು ಬ್ರಿಟಿಷರ ಕಾಲದ ಪುಟ್ಟ ಸ್ಟೇಷನ್ ಇದೆ, ಗಂಟೆ ಇನ್ನೂ ನೇತಾಡುತ್ತಿದೆ ಎಂದರು. ಕಾಕಾ ಒಂದು ಸಲ ಹೋಗಿದ್ದರಂತೆ, “ಕಾಹೀ ನಾಹೀ, ವಹಿನೀ,” ಎಂದು ಅತ್ತಿಗೆಗೆ ಹೇಳುವ ಹಾಗೆ ಕೈ ಆಡಿಸಿದರು. ಏನೂ ಇಲ್ಲ.

“ಏನೂ ಇಲ್ಲ ಅಂದ್ರ ಹೆಂಗ? ಏನರೆ ಇದ್ದಲ್ಲೇ ಮುಗೀಬೇಕಲ್ಲ,” ಎಂದು ಅತ್ತೆ ನನಗೆ ಕನ್ನಡದಲ್ಲಿ ಹೇಳಿದರು.

ಗಂಡ, “ಅವ್ವಾ, ರವಿವಾರ ರಿಕ್ಷಾ ಮಾಡೂಣು. ಹಿಂದಿನ ರಸ್ತೆಯಿಂದ ಹತ್ತೇ ನಿಮಿಷ,” ಎಂದ.

“ರಿಕ್ಷಾದಾಗ ಹೋದ್ರ ರಸ್ತೆ ನೋಡಿದಂಗ ಆಕ್ಕೈತಿ. ನಾ ಕಂಬಿ ಜೋಡಿ ಹೋಗಬೇಕು.”

ಹೀಗಿರುವಾಗ ಮಂಡಿಯ ಡಾಕ್ಟರು ನಡೆಯುವುದು ಕಡಿಮೆ ಮಾಡಿ, ಸೈಕಲ್ ತುಳಿಯಿರಿ ಎಂದರು. ಅವರು ಹೇಳಿದ್ದು ನಿಂತಲ್ಲೇ ನಿಲ್ಲುವ ವ್ಯಾಯಾಮದ ಸೈಕಲ್ಲು. ಅದನ್ನು ಕಾಗದದ ಮೇಲೆ ಚಿತ್ರ ಬರೆದೂ ತೋರಿಸಿದರು. ಅತ್ತೆ ತಲೆ ಆಡಿಸಿದರು. ಹೊರಗೆ ಬಂದ ಕೂಡಲೇ ನನ್ನ ಮೊಣಕೈ ಹಿಡಿದು, “ನಿನ್ನ ಸೈಕಲ್ಲಿಗಿ ಗಾಳಿ ಐತೇನ?” ಎಂದರು.

ನಾನು ಅದನ್ನು ತರಕಾರಿಗೆಂದು ಕೊಂಡಿದ್ದೆ, ರಸ್ತೆಗೆ ಹೆದರಿ ಮೆಟ್ಟಿಲ ಕೆಳಗೆ ನಿಲ್ಲಿಸಿದ್ದೆ. ಅಡ್ಡಕಂಬಿಯಿಲ್ಲದ ಹೆಂಗಸರ ಸೈಕಲ್ಲು. ಮರುದಿನ ಬೆಳಿಗ್ಗೆ ಅತ್ತೆ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಬಂದರು. ಅವರ ತಾಯಿ ಹೊಲಕ್ಕೆ ಹೋಗುವಾಗ ಹಾಗೆ ಉಡುತ್ತಿದ್ದರಂತೆ. ಇವರು ಉಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಏನ್ ನೋಡ್ತಿ? ಈ ಊರಾಗ ಕಚ್ಚಿ ಉಟ್ರ ಯಾರೂ ಹೊಳ್ಳಿ ನೋಡಂಗಿಲ್ಲ. ಮರಾಠಿ ಅಜ್ಜಿ ಅಂತಾರ.”

ಕಲಿಯುವುದಕ್ಕೆ ಒಂದು ಚಳಿಗಾಲ ಹಿಡಿಯಿತು. ಮಾವನವರಿಗೆ ಹೇಳಿರಲಿಲ್ಲ. ಅವರು ಅಷ್ಟು ಹೊತ್ತಿಗೆ ಸ್ನಾನ, ಪೂಜೆ ಮುಗಿಸಿ ಡೊಂಬಿವಲಿಗೆ ಹೊರಡುವ ಗಡಿಬಿಡಿಯಲ್ಲಿರುತ್ತಿದ್ದರು. ಮೊದಲು ನಾನು ಸೀಟಿನ ಹಿಂದೆ ಹಿಡಿದು ಓಡಿದೆ. ಆಮೇಲೆ ಕಾಕಾ ಓಡಿದರು, ತಮ್ಮ ಸಕ್ಕರೆಗೂ ಒಳ್ಳೆಯದು ಎಂದು. ಎರಡು ಹಳಿಗಳ ನಡುವಿನ ದಾರಿಯಾದ್ದರಿಂದ ಚಕ್ರ ಅತ್ತ ಇತ್ತ ಹೋಗುವ ಹಾಗೇ ಇರಲಿಲ್ಲ. ಹೋದರೆ ಹಳಿಗೆ ತಾಗಿ ಮತ್ತೆ ನಡುವಿಗೆ ಬರುತ್ತಿತ್ತು. ಸೈಕಲ್ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದು ನಾವು ಹೇಳಿಕೊಳ್ಳುತ್ತಿದ್ದೆವು.

ಕಾರ್ಖಾನೆಯ ಕಡೆಗೆ ಲೈನು ಕಣ್ಣಿಗೆ ಕಾಣದಷ್ಟು ಏರು. ಹೋಗುವಾಗ ತುಳಿಯಬೇಕು, ಬರುವಾಗ ಪೆಡಲಿನ ಮೇಲೆ ಕಾಲಿಟ್ಟು ಸುಮ್ಮನೆ ಕೂತರೆ ಸಾಕು. ಅತ್ತೆಗೆ ಅದೇ ದೊಡ್ಡ ಸುಖ. “ಯಾರೋ ಹಿಂದಿಂದ ದೂಡಿದಂಗ ಆಕ್ಕೈತಿ ನೋಡು,” ಎನ್ನುತ್ತಿದ್ದರು.

ಇಳಿಯುವುದು ಮಾತ್ರ ಬರಲೇ ಇಲ್ಲ. ಹತ್ತುವುದು ಮೋರಿಕಟ್ಟೆಯ ಆಸರೆಯಿಂದ. ತಿರುಗಿಸುವುದು ಸೇತುವೆಯಾಚೆ ಸ್ವಲ್ಪ ದೂರದಲ್ಲಿ, ಹಿಂದೆ ಫಾಟಕ್, ಅಂದರೆ ರೈಲ್ವೆ ಗೇಟು ಇದ್ದ ಕಡೆ ಹಳಿಯ ಪಕ್ಕದ ಸಂದಿ ಬಿಟ್ಟು ನೆಲವೆಲ್ಲ ಹಳಿಯ ಮಟ್ಟಕ್ಕೆ ಬಯಲಾಗಿತ್ತು, ಅಲ್ಲಿ ದೊಡ್ಡ ಸುತ್ತು ಹಾಕಿ. ಇಳಿಯುವುದೆಂದರೆ, ನಮ್ಮ ಕಾಲೋನಿಯ ಹತ್ತಿರ ಉಳಿದಿದ್ದ ಮುರುಮ್ ಗುಡ್ಡೆಗೆ ಮುಂದಿನ ಚಕ್ರ ನುಗ್ಗಿಸಿ, ಸೈಕಲ್ ನಿಂತ ಮೇಲೆ ಇಳಿಯುವುದು. ನಾನು ಬ್ರೇಕು ಹಿಡಿದು ಒಂದು ಕಾಲು ಕೆಳಗಿಡಿ ಎಂದು ಎಷ್ಟು ಹೇಳಿದರೂ, “ಮೊದಲ ಹೋಗೂದು ಕಲಿತೀನಿ. ಇಳಿಯೂದು ಆಮ್ಯಾಲ,” ಎನ್ನುತ್ತಿದ್ದರು.

ಕಾಕಾ ನಗುತ್ತಿದ್ದರು. “ವಹಿನೀ, ಗುಡ್ಡೆ ಯಾರಾದರೂ ಹೊತ್ತುಕೊಂಡು ಹೋದರೆ ನೀವು ಸೀದಾ ಕಲ್ಯಾಣ ಜಂಕ್ಷನ್.” ಅವರು ಮರಾಠಿಯಲ್ಲಿ ಹೇಳಿದ್ದು.

“ಹಂಗರ ಟಿಕೀಟ ತೆಗದಿಡ್ರಿ,” ಎಂದು ಅತ್ತೆ ಕನ್ನಡದಲ್ಲೇ ಹೇಳಿದರು. ಕಾಕಾಗೆ ‘ಟಿಕೀಟ’ ಸಾಕಾಯಿತು.

ಆ ದಿನ ಹೋಳಿ ಕಳೆದು ಬಿಸಿಲು ಏರುವ ಕಾಲ. ಅತ್ತೆ ಇವತ್ತು ಕೊನೆಯವರೆಗೆ ಹೋಗಿಯೇ ಬರುತ್ತೇನೆ ಎಂದು ಹಿಂದಿನ ರಾತ್ರಿಯೇ ಹೇಳಿದ್ದರು. ಬೆಳಿಗ್ಗೆ ಒಂದು ಬಾಳೆಹಣ್ಣು ತಿಂದು, ಕಚ್ಚೆ ಬಿಗಿ ಮಾಡಿ, ಹೊರಟರು. ಕಾವಲು ಆವತ್ತು ಕಾಕಾರದ್ದು. ಅವರು ದಿಂಡಿನ ಮೇಲೆ ಕಲ್ಯಾಣದ ಕಡೆ ಮುಖ ಮಾಡಿ ಪೇಪರು ಓದುತ್ತಿದ್ದರು. ನಾನು ಅವರ ಪಕ್ಕದಲ್ಲಿ, ಸೇತುವೆಯ ಕಡೆ ಮುಖ ಮಾಡಿ ನಿಂತಿದ್ದೆ. ನಾವು ನಿಂತ ಜಾಗದ ಎರಡೂ ಬದಿಗೆ ಮಣ್ಣಿನ ದಿಬ್ಬ, ಆಳೆತ್ತರ. ದಿಬ್ಬ ಕಡಿದು ಲೈನು ಹಾಕಿದ್ದರು.

ಅತ್ತೆ ತಿರುವಿನಲ್ಲಿ ಮರೆಯಾದರು. ದೂರದಿಂದ ಆಗಾಗ ಕಬ್ಬಿಣ ಬಡಿಯುವ ಸದ್ದು ಬರುತ್ತಿತ್ತು. ಈ ಕಡೆ ಕಬ್ಬಿಣ ಬಡಿಯುವ ಸದ್ದು ಇಲ್ಲದ ದಿನ ಯಾವುದಿದೆ, ಎಲ್ಲೆಲ್ಲೂ ಬಿಲ್ಡಿಂಗು ಏಳುತ್ತಿರುತ್ತದೆ. ನಾನು ಅದಕ್ಕೆ ಕಿವಿ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ತಿರುವಿನಿಂದ ಮತ್ತೆ ಕಾಣಿಸಿಕೊಂಡರು. ಇಷ್ಟು ಬೇಗ ಬಂದರಲ್ಲ, ಕೊನೆ ಅಷ್ಟು ಹತ್ತಿರವೇ ಎಂದುಕೊಂಡೆ. ಅವರು ಪೆಡಲ್ ತುಳಿಯದೆ, ಸೆರಗು ಹಾರಿಸಿಕೊಂಡು, ಇಳಿಜಾರಿನಲ್ಲಿ ಸುಮ್ಮನೆ ಕೂತು ಬರುತ್ತಿದ್ದರು. ನನ್ನನ್ನು ನೋಡಿ ನಕ್ಕರು.

ಆಗ ಅವರ ಹಿಂದೆ, ತಿರುವಿನ ಜಾಲಿಗಿಡಗಳ ನಡುವೆ, ಒಂದು ಗೋಡೆ ಅಲುಗಿತು.

ನನಗೆ ಕಂಡದ್ದು ಹಾಗೆಯೇ. ಅಲ್ಲೊಂದು ಗೋಡೆ ಮೊದಲೂ ಇತ್ತೇನೋ, ನಾನು ಗಮನಿಸಿಲ್ಲವೇನೋ ಎಂದು ಯೋಚಿಸಲು ನನಗೆ ವೇಳೆ ಇತ್ತು. ಕಂದು ಬಣ್ಣದ, ಚೌಕದ ಗೋಡೆ. ಮೇಲಿನ ಅಂಚಿನಿಂದ ಒಂದು ಬಳ್ಳಿ ಇಳಿಬಿದ್ದು ತೂಗಾಡುತ್ತಿತ್ತು. ಬಳ್ಳಿ ತೂಗಾಡುವುದನ್ನು ನೋಡಿದ ಮೇಲೆಯೇ ನನಗೆ ಗೋಡೆ ಚಲಿಸುತ್ತಿದೆ ಎಂದು ತಿಳಿದದ್ದು. ಅದು ದೊಡ್ಡದಾಗುತ್ತಿತ್ತು. ಅತ್ತೆಯ ತಲೆ ಅದರ ಮುಂದೆ ಒಂದು ಸಣ್ಣ ಕರಿ ಚುಕ್ಕೆ.

ನಾನು ಕಾಕಾರ ಭುಜ ಹಿಡಿದು ಎಳೆದೆ. ಅವರು ಕಲ್ಯಾಣದ ಕಡೆಯೇ ನೋಡಿದರು. ನಾನು ಮತ್ತೆ ಎಳೆದಾಗ ತಿರುಗಿದರು. ಪೇಪರು ಕೆಳಗೆ ಬಿತ್ತು. ಸೀಟಿಯನ್ನು ಬಾಯಿಗಿಟ್ಟರು, ಅದು ಊದಿತೋ ಇಲ್ಲವೋ ನೆನಪಿಲ್ಲ. ಆಮೇಲೆ ಸೀಟಿ ಬಿಟ್ಟು ಕೂಗಿದರು, “ಉತರಾ, ವಹಿನೀ, ಉತರಾ.” ನಾನೂ ಕೂಗಿದೆ. ಇಳೀರಿ, ಅತ್ತೆ, ಇಳೀರಿ.

ಅವರು ಆಗಷ್ಟೇ ಸೇತುವೆಯ ಹಲಗೆಯ ಮೇಲೆ ಬಂದಿದ್ದರು. ಅದು ಒಂದು ಲೈನಿನ ಅಗಲದ ಸೇತುವೆ. ಪಕ್ಕಕ್ಕೆ ಸರಿಯಲು ಒಂದು ಗೇಣು ಜಾಗವಿಲ್ಲ, ಕಟಕಟೆಯಿಲ್ಲ. ಕೆಳಗೆ ಬೇಸಿಗೆಯ ನಾಲೆ, ಬರಿಯ ಬಂಡೆ. ಅಲ್ಲಿ ಇಳಿದು ನಿಂತಿದ್ದರೆ ಎನ್ನುವ ವಾಕ್ಯವನ್ನು ನಾನು ಇವತ್ತಿಗೂ ಮುಗಿಸುವುದಿಲ್ಲ.

ಅತ್ತೆ ಇಳಿಯಲಿಲ್ಲ. ಅವರಿಗೆ ಇಳಿಯಲು ಬರುತ್ತಿರಲಿಲ್ಲ. ನಮ್ಮ ಮುಖ ನೋಡಿ ಅವರ ನಗು ಹೋಯಿತು. ಹಿಂದೆ ತಿರುಗಿ ನೋಡಲಿಲ್ಲ, ತಿರುಗಿದರೆ ಬೀಳುತ್ತಿದ್ದರು. ತಲೆ ತಗ್ಗಿಸಿ ತುಳಿಯತೊಡಗಿದರು. ಹಲಗೆಗಳು ಒಂದೊಂದಾಗಿ ದಡದಡ ಎಂದವು. ನನ್ನ ಮುಂದಿನಿಂದ, ಕಾಕಾರ ಮುಂದಿನಿಂದ, ಮಂಡಿನೋವಿನ ಆ ಹೆಂಗಸು ಹಾರಿಹೋದ ಹಾಗೆ ಹೋದರು. ಕಾಕಾ ಮತ್ತು ನಾನು ದಿಬ್ಬಕ್ಕೆ ಹತ್ತಿಕೊಂಡೆವು, ಬೇರು ಹಿಡಿದು.

ಹಲಗೆಗಳು ಎರಡನೇ ಸಲ ಸದ್ದು ಮಾಡಿದವು. ಈ ಸಲ ಮುರಿದವು. ವ್ಯಾಗನ್ ಸೇತುವೆ ದಾಟಿ ನನ್ನ ಕಾಲ ಕೆಳಗೆ ಬಂತು. ತುಕ್ಕಿನ ವಾಸನೆ, ಹಸಿ ಎಲೆಯ ವಾಸನೆ. ಅದರೊಳಗೆ ಮಣ್ಣು ತುಂಬಿ ಗಿಡ ಬೆಳೆದಿತ್ತು. ಒಂದು ಗುಬ್ಬಿಯಷ್ಟು ಹಕ್ಕಿ ಅದರ ಮೇಲೆ ಕೂತೇ ಬಂದು, ನನ್ನ ಹತ್ತಿರ ಬಂದಾಗ ಹಾರಿತು. ಇದು ನಿಜವಾಗಿ ಕಂಡದ್ದೋ, ಆಮೇಲೆ ಸೇರಿಕೊಂಡದ್ದೋ, ನನಗೀಗ ಹೇಳಲಾಗುವುದಿಲ್ಲ.

ಅದು ನಮ್ಮನ್ನು ದಾಟಿ ಹೆಚ್ಚು ದೂರ ಹೋಗಲಿಲ್ಲ. ಸೇತುವೆಯ ಈಚೆಗೆ ನಾವು ಬಡಿದು ಬಡಿದು ಗಟ್ಟಿ ಮಾಡಿದ್ದ ಮುರುಮ್ ಹಳಿಯ ತಲೆಗಿಂತ ಒಂದೇ ಬೆರಳು ಕೆಳಗಿತ್ತು. ಚಕ್ರದ ಒಳಅಂಚಿಗೆ ಹೋಗಲು ಜಾಗವಿಲ್ಲ. ಅದು ಉಳುವ ಹಾಗೆ ಮುರುಮನ್ನು ಸೀಳುತ್ತಾ ಹೋಗಿ, ಎದ್ದು, ಹಳಿಯಿಂದ ಜಾರಿ, ದಿಬ್ಬಕ್ಕೆ ಹೆಗಲು ಕೊಟ್ಟು ನಿಂತಿತು. ಆಗ ಬಂತು ಸದ್ದು. ಕಾಲೋನಿಯ ಕಿಟಕಿಗಳೆಲ್ಲ ತೆರೆದವು.

ಅತ್ತೆ ಗುಡ್ಡೆಯ ಮೇಲೆ ಬಿದ್ದಿದ್ದರು. ಸೈಕಲ್ ಅವರ ಮೇಲಿತ್ತು. ನಾನು ಓಡಿಹೋಗಿ ಎತ್ತಿದೆ. ಮೊಣಕೈ ಬೇರೆ ಕಡೆಗೆ ತಿರುಗಿತ್ತು. ಅವರು ನನ್ನ ಕಡೆ ನೋಡದೆ ವ್ಯಾಗನ್ ಕಡೆ ನೋಡಿ, “ಅದೆಲ್ಲಿಂದ ಬಂತು?” ಎಂದರು.

ಹಳಿಯ ಗುಂಟ ಮೂರು ನಾಲ್ಕು ಜನ ಏದುಸಿರು ಬಿಡುತ್ತಾ ಓಡಿ ಬಂದರು. ಗುಜರಿಗೆ ಕಬ್ಬಿಣ ಕತ್ತರಿಸುವವರು. ಮುಂದಿನವನು ಗ್ಯಾಸ್ ಕಟ್ಟರಿನ ಕಪ್ಪು ಕನ್ನಡಕವನ್ನು ಇನ್ನೂ ಹಾಕಿಕೊಂಡೇ ಇದ್ದ. “ಕೋಯಿ ದಬಾ ತೋ ನಹೀ?” ಎಂದು ಕೇಳಿದ. ಯಾರೂ ಸಿಕ್ಕಿಹಾಕಿಕೊಂಡಿಲ್ಲ ತಾನೆ. ಇಲ್ಲ ಎಂದ ಮೇಲೆ ಹಳಿಯ ಮೇಲೆ ಕೂತು ಅತ್ತುಬಿಟ್ಟ.

ಅವರಿಂದಲೇ ತಿಳಿದದ್ದು. ಕಾರ್ಖಾನೆಯ ಗೇಟಿನ ಹತ್ತಿರ ಜಾಲಿಯ ಪೊದೆಯೊಳಗೆ ಎರಡು ಹಳೆಯ ವ್ಯಾಗನ್ನುಗಳು ಒಂದಕ್ಕೊಂದು ಕೊಂಡಿ ಹಾಕಿ ನಿಂತಿದ್ದವು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಏನೂ ಇಲ್ಲ ಎಂದಿದ್ದ ಕಾಕಾಗೂ. ಯಾರೋ ಕಂತ್ರಾಟುದಾರ ಅವನ್ನು ಗುಜರಿಗೆ ಕೊಂಡಿದ್ದ. ಕತ್ತರಿಸಲು ಅನುಕೂಲವಾಗಲೆಂದು ಇವರು ಪೊದೆ ಕಡಿದರು, ಚಕ್ರದ ಸುತ್ತಲಿನ ಮಣ್ಣು ಬಿಡಿಸಿದರು, ಚಕ್ರಕ್ಕೆ ಒತ್ತಿ ಬೆಳೆದಿದ್ದ ಗಿಡದ ಬುಡ ತೆಗೆದರು. ಆ ದಿನ ಬೆಳಿಗ್ಗೆ ಕೊಂಡಿ ಕತ್ತರಿಸಿದರು. ಹಿಂದಿನದು ನಿಂತಿತು, ಮುಂದಿನದು ಹೊರಟಿತು. ಮೊದಲು ಇರುವೆಯ ಹಾಗೆ ಹೊರಟಿತಂತೆ. ಇವರು ಕೈಯಿಂದ ಹಿಡಿದು ನಿಲ್ಲಿಸಲು ನೋಡಿದರಂತೆ.

ಅತ್ತೆ ಅಂದು ಬೇಗ ತಿರುಗಿಕೊಂಡದ್ದಕ್ಕೂ ಅವರ ಗ್ಯಾಸ್ ಕಟ್ಟರೇ ಕಾರಣ. ಫಾಟಕಿನ ಬಯಲು ದಾಟುವಾಗ ಮುಂದೆ ಹೊಗೆ ಕಂಡಿತ್ತು. ಯಾರೋ ಹುಲ್ಲು ಸುಡುತ್ತಿದ್ದಾರೆ, ನಾಳೆ ಹೋದರಾಯಿತು ಎಂದು ಸುತ್ತು ಹಾಕಿ ಬಂದುಬಿಟ್ಟಿದ್ದರು.

ಮಾವನವರಿಗೆ ಆಸ್ಪತ್ರೆಯಿಂದ ಫೋನು ಮಾಡಬೇಕಾಯಿತು. ಅಂಗಡಿ ಮುಚ್ಚಿ ಬಂದರು. ಪ್ಲಾಸ್ಟರ್ ಹಾಕಿದ ಕೈ ನೋಡಿದರು, ಕಚ್ಚೆ ನೋಡಿದರು.

“ಸೈಕಲ್,” ಎಂದರು.

“ಹೌದ್ರಿ.”

“ನೀ.”

“ಮತ್ಯಾರು, ಇಕಿ ರಸ್ತೇಕ ಅಂಜತಾಳ,” ಎಂದು ನನ್ನ ಕಡೆ ಗದ್ದ ಎತ್ತಿದರು ಅತ್ತೆ.

“ನಲವತ್ತು ವರ್ಷ ಆತು, ರಿಕ್ಷಾದಾಗ ಕುಂತ್ರೂ ನನ್ನ ಕೈ ಹಿಡಕೋತಿದ್ದೆಲ್ಲ,” ಎಂದರು ಮಾವ.

“ಅದು ನಿಮಗ ಅಂಜಿಕಿ ಆಗಬಾರದಂತ.”

ಮಾವ ಹೋಗಿ ಆಸ್ಪತ್ರೆಯ ಬಿಲ್ಲು ಕಟ್ಟಿದರು. ಸಂಜೆ ಮನೆಗೆ ಬಂದವರೇ ಸೈಕಲ್ಲನ್ನು ಮೆಟ್ಟಿಲ ಕೆಳಗೆ ಸರಪಳಿ ಹಾಕಿ ಬಿಗಿದು, ಕೀಲಿಕೈಯನ್ನು ಕೊರಳಿನ ಲಿಂಗದ ದಾರಕ್ಕೇ ಕಟ್ಟಿಕೊಂಡರು.

ರೈಲ್ವೆಯವರು ಬಂದು ಸೈಡಿಂಗಿನ ಎರಡೂ ಬದಿಗೆ ತಂತಿ ಹಾಕಿದರು. ಕಾಕಾ ನಡೆಯುವುದನ್ನು ಬಿಟ್ಟು ಟೆರೇಸಿನ ಮೇಲೆ ಸುತ್ತು ಹಾಕತೊಡಗಿದರು, ಅಲ್ಲಿಯೂ ಮೂಲೆಗೊಮ್ಮೆ ನಿಂತು ಹಿಂದೆ ನೋಡುತ್ತಾ.

ನನಗೆ ಬೇರೆ ರೋಗ ಹತ್ತಿತು. ಹತ್ತನೇ ಕ್ಲಾಸಿನ ಮಕ್ಕಳಿಗೆ ಘರ್ಷಣೆಯ ಪಾಠ ಮಾಡುವಾಗ ನನ್ನ ಕೈ ಬೋರ್ಡಿನ ಮೇಲೆ ನಿಲ್ಲುತ್ತಿತ್ತು. ನಿಂತ ವಸ್ತುವನ್ನು ಚಲಿಸುವಂತೆ ಮಾಡಲು ಹೆಚ್ಚು ಬಲ ಬೇಕು, ಚಲಿಸಿದ ಮೇಲೆ ಕಡಿಮೆ ಸಾಕು. ಇದನ್ನು ಎಷ್ಟು ಸಲ ಬರೆಸಿದ್ದೇನೆ. ಆದರೆ ಒಂದು ಗಿಡದ ಬುಡ ಅಷ್ಟು ಭಾರವನ್ನು ಹಿಡಿದು ನಿಲ್ಲಿಸಿರಬಹುದು ಎನ್ನುವುದು ಯಾವ ಲೆಕ್ಕದಲ್ಲಿ ಬರುತ್ತದೆ? ಅದು ಸಸಿಯಾಗಿದ್ದಾಗ ಯಾರು ಹಿಡಿದಿದ್ದರು? ಎಲ್ಲಿಯಾದರೂ ಇಳಿಜಾರು ಕಂಡರೆ ಅದರ ಮೇಲೆ ನಿಂತದ್ದೇನು, ಹಿಡಿದದ್ದೇನು ಎಂದು ಹುಡುಕುತ್ತೇನೆ. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಎಲ್ಲರೂ ಒಂದು ಕಡೆ ನೋಡುತ್ತಿರುವಾಗ ನಾನೊಬ್ಬಳು ಇನ್ನೊಂದು ಕಡೆ ನೋಡಿಕೊಂಡು ನಿಲ್ಲುತ್ತೇನೆ.

ಅತ್ತೆಯನ್ನು ಒಂದು ಪ್ರಶ್ನೆ ಮಾತ್ರ ಮತ್ತೆ ಮತ್ತೆ ಕೇಳಿದ್ದೇನೆ. “ನಾವು ಇಳೀರಿ ಅಂತ ಕೂಗಿದ್ದು ಕೇಳಿಸಿತ್ತಾ?”

ಒಂದು ಸಲ, “ಎಲ್ಲಿ ಕೇಳಸ್ತೈತಿ, ಗಾಳಿ,” ಎಂದರು. ಇನ್ನೊಂದು ಸಲ, “ಕೇಳಿಸ್ತು. ಆದ್ರ ಇಳಿಯಾಕ ಬರ್ತಿರಲಿಲ್ಲಲ್ಲ.” ಮತ್ತೊಮ್ಮೆ ರೊಟ್ಟಿ ಬಡಿಯುತ್ತಾ, “ನಿನ್ನ ಮಾರಿ ನೋಡಿದೆ. ನೀ ನನ್ನ ನೋಡ್ತಿರಲಿಲ್ಲ, ನನ್ನ ಹಿಂದ ನೋಡ್ತಿದ್ದಿ. ತುಳದೆ,” ಎಂದರು. ಯಾವುದು ನಿಜ ಎಂದು ಕೇಳಿದರೆ, ಮೂರೂ ಎಂದರು.

ಅವರಿಗೆ ಹೆದರಿಕೆ ಇರಲಿಲ್ಲ ಎಂದಲ್ಲ. ಕೈ ಕೂಡಿದ ಮೇಲೂ ಕೆಲವು ತಿಂಗಳು ಬಾಲ್ಕನಿಯಿಂದ ಆ ಕಡೆ ನೋಡುತ್ತಿರಲಿಲ್ಲ. ಆಮೇಲೆ ನೋಡತೊಡಗಿದರು. ಆಮೇಲೆ, “ಇನ್ನೊಂದು ವ್ಯಾಗನ್ ಏನಾತು?” ಎಂದು ನನ್ನಿಂದ ಕಾಕಾರನ್ನು ಕೇಳಿಸಿದರು. ಅದನ್ನೂ ಕತ್ತರಿಸಿ ಒಯ್ದಿದ್ದರು. “ಹಂಗರ ಈಗ ಅಲ್ಲಿ ಏನೂ ಇಲ್ಲ,” ಎಂದು ತಮಗೆ ತಾವೇ ಹೇಳಿಕೊಂಡರು. ಅವರಿಗೆ ಇನ್ನೂ ಕೊನೆ ನೋಡಬೇಕಿತ್ತು.

ಕೆಲವು ವರ್ಷಗಳಾದ ಮೇಲೆ ಹಳಿಗಳನ್ನೇ ಕಿತ್ತರು. ಬಿಸಿಲಲ್ಲಿ ಉದ್ದುದ್ದ ಕಂಬಿಗಳನ್ನು ಲಾರಿಗೆ ಏರಿಸುವುದನ್ನು ನಾವು ಬಾಲ್ಕನಿಯಿಂದ ನೋಡಿದೆವು. ಆಮೇಲೆ ಆ ಪಟ್ಟಿಯನ್ನು ಸಪಾಟು ಮಾಡಿ, ನಡೆಯುವವರಿಗೆ ಒಂದು ಬದಿ, ಸೈಕಲ್ಲಿಗೆ ಒಂದು ಬದಿ ಎಂದು ಬಿಳಿ ಗೆರೆ ಎಳೆದರು. ಸೇತುವೆಗೆ ಕಟಕಟೆ ಬಂತು. ನಮ್ಮ ಮುರುಮಿನ ಜಾಗದಲ್ಲಿ ಸಿಮೆಂಟಿನ ಬಿಲ್ಲೆ. ರಿಬ್ಬನ್ ಕತ್ತರಿಸಿದರು, ಪೆಂಡಾಲಿನಲ್ಲಿ ಬಟಾಟೆವಡೆ ಹಂಚಿದರು.

ಮರುದಿನ ಬೆಳಿಗ್ಗೆ ಅತ್ತೆ ಮಾವನ ಮುಂದೆ ನಿಂತು ಕೈ ಚಾಚಿದರು. ಮಾವ ಪೇಪರಿನಿಂದ ತಲೆ ಎತ್ತಲಿಲ್ಲ.

“ಕಂಬಿ ಕಿತ್ತಾರ, ಇನ್ನೇನ್ ಬರ್ತೈತಿ?” ಎಂದರು ಅತ್ತೆ.

“ಆವಾಗೂ ಬರಂಗಿಲ್ಲ ಅಂತನ ಹೋಗಿದ್ದಿ.”

“ಈಗ ಎಲ್ಡೂ ಕಡೆ ನೋಡತೀನಿ.”

ಮಾವ ದಾರದ ಗಂಟು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡರು. ಕೀಲಿಕೈಯನ್ನು ಅವರಿಗೆ ಕೊಡದೆ ನನಗೆ ಕೊಟ್ಟು, “ನೀನೂ ಹೋಗು,” ಎಂದರು.

ಅದನ್ನು ಅವರು ಕೇಳಬಾರದಿತ್ತು. ನಾನು ಆ ದಾರಿಯಲ್ಲಿ ಸೇತುವೆ ದಾಟಿರಲಿಲ್ಲ, ಆ ದಿನದಿಂದ. ಹೋಗುವಾಗ ಹೇಗೋ ದಾಟಿದೆ. ಮುಂದೆ ಏನಾದರೂ ಬಂದರೆ ಕಾಣುತ್ತದಲ್ಲ ಎಂಬ ಧೈರ್ಯ. ಅತ್ತೆ ಸೈಕಲ್ ಮೇಲೆ ನಿಧಾನ ನನ್ನ ಪಕ್ಕದಲ್ಲಿ ಬಂದರು. ಈಗ ಮೈ ಭಾರ, ಉಸಿರು ಹೆಚ್ಚು. ತಿರುವು ಕಳೆದು ಫಾಟಕಿನ ಬಯಲು ದಾಟಿದೆವು. ಅಲ್ಲಿಂದಾಚೆ ದಾರಿ ನೇರ ಹೋಗಿ ಒಂದು ಸಿಮೆಂಟಿನ ಗೋಡೆಗೆ ಮುಗಿದಿತ್ತು. ಗೋಡೆಯ ಮುಂದೆ ಎರಡು ಹಳಿಯ ತುಂಡುಗಳನ್ನು ಕೀಳದೆ ಬಿಟ್ಟಿದ್ದರು. ಅವು ಕೊನೆಯಲ್ಲಿ ಮೇಲಕ್ಕೆ ಬಾಗಿ, ಆನೆಯ ದಂತದ ಹಾಗೆ ನಿಂತಿದ್ದವು.

ಅತ್ತೆ ಗೋಡೆಯವರೆಗೆ ಹೋಗಿ ಒಂದು ಕೈ ಚಾಚಿ ಹಿಡಿದು ನಿಂತರು. ಬಾಗಿದ ಕಂಬಿಯ ತುದಿ ಮುಟ್ಟಿದರು.

“ಕಡದಿಲ್ಲ. ಮಣ್ಣಾಗೂ ಹೋಗಿಲ್ಲ,” ಎಂದರು. “ಮ್ಯಾಲ ನೋಡ್ಯಾವ.”

ಕೆರೆ ಇರಲಿಲ್ಲ, ಗಂಟೆಯೂ ಇರಲಿಲ್ಲ. ನಾನು ವ್ಯಾಗನ್ ನಿಂತಿದ್ದ ಜಾಗ ಯಾವುದಿರಬಹುದು ಎಂದು ನೆಲ ಹುಡುಕಿದೆ. ಎಲ್ಲಾ ಕಡೆ ಒಂದೇ ಥರ ಸಿಮೆಂಟಿನ ಬಿಲ್ಲೆ. ಒಂದು ಕಡೆ ಮಾತ್ರ ಬಿಲ್ಲೆಗಳ ಸಂದಿಯಿಂದ ಜಾಲಿಯ ಚಿಗುರು ಎದ್ದಿತ್ತು. ಅದೇ ಗಿಡದ ಬೇರೋ, ಬೇರೆಯದೋ. ಬಗ್ಗಿ ಹಿಡಿದು ಎಳೆದು ನೋಡಿದೆ. ಬರಲಿಲ್ಲ.

ತಿರುಗಿ ಬರುವಾಗ ಸೇತುವೆಯ ಬಾಯಲ್ಲಿ ನನ್ನ ಕಾಲು ನಿಂತಿತು. ಈಗ ಗೋಡೆ ನನ್ನ ಬೆನ್ನಿಗೆ. ಹಳಿ ಇಲ್ಲ, ವ್ಯಾಗನ್ ಇಲ್ಲ, ಎಲ್ಲ ಗೊತ್ತು. ಬೆನ್ನಿಗೆ ಗೊತ್ತಿಲ್ಲ. ಹಿಂದೆ ಕರಕರ ಎನ್ನುವುದು ನಿಜವಾಗಿ ಕೇಳಿಸಿತು. ಅತ್ತೆಯ ಸೈಕಲ್ಲಿನ ಸರಪಳಿಯೇ ಇರಬೇಕು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ನಡೆಯುವ ಧೈರ್ಯವೂ ಬರಲಿಲ್ಲ.

ಅತ್ತೆ ನನ್ನನ್ನು ದಾಟಿ ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಬ್ರೇಕು ಹಿಡಿದು, ಒಂದು ಕಾಲು ಕೆಳಗಿಟ್ಟು, ನನ್ನ ಹಿಂದೆಯೇ ನಿಂತರು.

“ಅತ್ತೆ, ಹಿಂದೆ ಏನಾದ್ರೂ ಬರ್ತಿದೆಯಾ?”

“ನಾ ಬರಾಕತ್ತೀನಿ,” ಎಂದರು. “ನಡಿ.”